ನಿಮ್ಮ ಶುಗರ್ ರಿಪೋರ್ಟ್ ಲಂಡನ್ನಿನಲ್ಲಿ ಅರ್ಥವಾಗಬೇಕಾದರೆ

2021ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿಗೆ ಹೊರಟಿದ್ದ ಭಾರತೀಯರಿಗೆ ವಿಚಿತ್ರ ತೊಡಕೊಂದು ಎದುರಾಯಿತು. ಎರಡು ಡೋಸ್ ಕೋವಿಶೀಲ್ಡ್ ಆಗಿತ್ತು, ಕೋವಿನ್ ಪ್ರಮಾಣಪತ್ರ ಕೈಯಲ್ಲಿತ್ತು. ಆದರೂ ಬ್ರಿಟನ್ ಅವರನ್ನು ಲಸಿಕೆ ಹಾಕಿಸಿಕೊಂಡವರ ಲೆಕ್ಕಕ್ಕೆ ಸೇರಿಸಲಿಲ್ಲ. ಲಸಿಕೆಯ ಬಗ್ಗೆ ತಕರಾರಿಲ್ಲ, ತಕರಾರಿರುವುದು ಪ್ರಮಾಣಪತ್ರದ ಬಗ್ಗೆ ಎಂದು ಅಲ್ಲಿಂದ ಉತ್ತರ ಬಂತು. ಆ ತಕರಾರಿನ ಒಂದು ಎಳೆ ತೀರಾ ಸಣ್ಣದು: ನಮ್ಮ ಪ್ರಮಾಣಪತ್ರದಲ್ಲಿ ವಯಸ್ಸು ಮಾತ್ರ ಇತ್ತು, ಅವರಿಗೆ ಪೂರ್ತಿ ಜನ್ಮದಿನಾಂಕ ಬೇಕಿತ್ತು. ವಿದೇಶಕ್ಕೆ ಹೋಗುವವರು ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ ಎಂಬ ಕ್ರಮದಲ್ಲಿ ಜನ್ಮದಿನಾಂಕ ಸೇರಿಸಿಕೊಳ್ಳುವ ಅವಕಾಶವನ್ನು ಕೋವಿನ್‌ನಲ್ಲಿ ಕೊಡಲಾಯಿತು. ಎರಡೂ ಸರ್ಕಾರಗಳ ನಡುವೆ ಒಂದಿಷ್ಟು ಜಟಾಪಟಿ ನಡೆದು, ಅಕ್ಟೋಬರ್ 11ರಿಂದ ಬ್ರಿಟನ್ ಒಪ್ಪಿಕೊಂಡಿತು.

ಅದರಲ್ಲಿದ್ದ ರಾಜಕೀಯವನ್ನು ಬದಿಗಿಡೋಣ. ಒಂದು ದೇಶದ ಆರೋಗ್ಯ ದಾಖಲೆಯನ್ನು ಇನ್ನೊಂದು ದೇಶ ಓದಿ, ನಂಬಿ, ಬಳಸಬೇಕಾದರೆ ಏನೇನು ಮೊದಲೇ ಒಪ್ಪಂದವಾಗಿರಬೇಕು ಎಂಬುದು ಇಲ್ಲಿನ ಪ್ರಶ್ನೆ. ಈಗ ಆಸ್ಪತ್ರೆಗಳ ಒಪಿಡಿ ಕೌಂಟರಿನಲ್ಲೇ ‘ಆಭಾ ನಂಬರ್ (ಡಿಜಿಟಲ್ ಆರೋಗ್ಯ ಗುರುತಿನ ಸಂಖ್ಯೆ) ಇದೆಯಾ?’ ಎಂದು ಕೇಳುತ್ತಿದ್ದಾರೆ. ಮಕ್ಕಳು ವಿದೇಶದಲ್ಲಿದ್ದಾರೆಂದು ಅಪ್ಪ ಅಮ್ಮ ಫೈಲು ಹಿಡಿದು ಆರಾರು ತಿಂಗಳು ಅಲ್ಲಿಗೆ ಹೋಗಿಬರುತ್ತಾರೆ. ಹಾಗಾಗಿ ಇದು ತಜ್ಞರು ಮಾತ್ರ ತಲೆಕೆಡಿಸಿಕೊಳ್ಳುವ ವಿಷಯವಾಗಿ ಉಳಿದಿಲ್ಲ.

ಇವರು ಯಾರು, ಇವರ ಕೆಲಸ ಏನು?

ರೋಗಿಯ ಬಗ್ಗೆ ತಿಳಿದದ್ದನ್ನು ಬರೆದಿಡುವುದು, ಬೇಕಾದಾಗ ಹುಡುಕಿ ತೆಗೆಯುವುದು, ಅರ್ಥ ಕೆಡದಂತೆ ಇನ್ನೊಬ್ಬರಿಗೆ ತಲುಪಿಸುವುದು, ಸಾವಿರಾರು ರೋಗಿಗಳ ದಾಖಲೆ ಒಟ್ಟು ಸೇರಿಸಿ ಊರಿನ ಆರೋಗ್ಯ ಹೇಗಿದೆ ಎಂದು ನೋಡುವುದು: ಇಷ್ಟನ್ನೂ ಒಳಗೊಂಡ ವಿದ್ಯೆಯೇ ಆರೋಗ್ಯ ಮಾಹಿತಿ ವಿಜ್ಞಾನ, ಅಂದರೆ ಹೆಲ್ತ್ ಇನ್ಫರ್ಮ್ಯಾಟಿಕ್ಸ್. ಆಸ್ಪತ್ರೆಯ ಕಂಪ್ಯೂಟರ್ ಕೆಟ್ಟರೆ ಬಂದು ಸರಿಮಾಡುವವರ ಕೆಲಸ ಇದಲ್ಲ. ಇದರಲ್ಲಿರುವವರು ವೈದ್ಯರು, ನರ್ಸ್‌ಗಳು, ಲ್ಯಾಬ್‌ನವರು, ಅಂಕಿಅಂಶ ತಜ್ಞರು ಮತ್ತು ಪ್ರೋಗ್ರಾಮರ್‌ಗಳು. ಎಷ್ಟೋ ಸಲ ಒಬ್ಬರೇ ಇವುಗಳಲ್ಲಿ ಎರಡು ಆಗಿರುತ್ತಾರೆ.

ಇವರ ದೇಶದೇಶಗಳ ನಡುವಿನ ಒಡನಾಟ ಇಂಟರ್ನೆಟ್ಟಿಗಿಂತ ಹಳೆಯದು. 1967ರಲ್ಲಿ ಕಂಪ್ಯೂಟರ್ ತಜ್ಞರ ಅಂತರರಾಷ್ಟ್ರೀಯ ಒಕ್ಕೂಟವೊಂದರ ಕೆಳಗೆ ವೈದ್ಯಕೀಯಕ್ಕೆಂದೇ ಒಂದು ಸಮಿತಿ ಹುಟ್ಟಿತು; ಫ್ರಾನ್ಸಿನ ಫ್ರಾಂಸ್ವಾ ಗ್ರೆಮಿ ಅದರ ಮೊದಲ ಅಧ್ಯಕ್ಷರು. ಅದೇ ಮುಂದೆ ಬೆಳೆದು ಇಂಟರ್‌ನ್ಯಾಷನಲ್ ಮೆಡಿಕಲ್ ಇನ್ಫರ್ಮ್ಯಾಟಿಕ್ಸ್ ಅಸೋಸಿಯೇಷನ್ ಆಯಿತು. ಇವರ ‘ಮೆಡಿನ್ಫೋ’ ಸಮ್ಮೇಳನ ಮೊದಲು ನಡೆದದ್ದು 1974ರಲ್ಲಿ, ಸ್ಟಾಕ್‌ಹೋಮ್‌ನಲ್ಲಿ. ಆದರೆ ಸಮ್ಮೇಳನಗಳಿಗಿಂತ ಇವರು ಕೂತು ಮಾಡಿದ ಒಪ್ಪಂದಗಳೇ ಸ್ವಾರಸ್ಯದವು, ಅದರಲ್ಲೂ ಒಂದು ಸಾಧಾರಣ ಲ್ಯಾಬ್ ರಿಪೋರ್ಟಿನ ಬಗ್ಗೆ.

126 ಮತ್ತು 7: ಎರಡೂ ಒಂದೇ

ಮೈಸೂರಿನ ಲ್ಯಾಬಿನಲ್ಲಿ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಟ್ಟಿದ್ದೀರಿ. ರಿಪೋರ್ಟಿನಲ್ಲಿ ಶುಗರ್ 126 ಎಂದಿದೆ. ಇದು ಒಂದು ಡೆಸಿಲೀಟರ್‌ನಲ್ಲಿ ಎಷ್ಟು ಮಿಲಿಗ್ರಾಂ ಎಂಬ ಲೆಕ್ಕ. ಇದೇ ರಕ್ತವನ್ನು ಲಂಡನ್ನಿನಲ್ಲಿ ಪರೀಕ್ಷಿಸಿದ್ದರೆ 7.0 ಎಂದು ಬರುತ್ತಿತ್ತು. ಅಲ್ಲಿ ಲೀಟರಿಗೆ ಎಷ್ಟು ಮಿಲಿಮೋಲ್ ಎಂದು ಅಳೆಯುತ್ತಾರೆ. 18ರಿಂದ ಗುಣಿಸಿದರೆ ಅಥವಾ ಭಾಗಿಸಿದರೆ ಒಂದು ಇನ್ನೊಂದಾಗುತ್ತದೆ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯದೂ ಇದೇ ಕಥೆ: ಇಲ್ಲಿ 6.5 ಶೇಕಡಾ, ಅಲ್ಲಿ 48. ಅಮೆರಿಕಕ್ಕೆ ಹೋದರೆ ಮತ್ತೆ ನಮ್ಮದೇ ಅಳತೆ.

ಮನುಷ್ಯ ವೈದ್ಯ ಇದನ್ನು ಕಂಡ ಕೂಡಲೇ ಹಿಡಿಯುತ್ತಾನೆ. 126 ಮಿಲಿಮೋಲ್ ಶುಗರ್ ಇರುವವರು ಎದುರಿಗೆ ಕೂತು ಮಾತಾಡುತ್ತಿರಲು ಸಾಧ್ಯವಿಲ್ಲ. ಕಂಪ್ಯೂಟರಿಗೆ ಆ ಸಾಮಾನ್ಯ ಜ್ಞಾನವಿಲ್ಲ. ಅದಕ್ಕೆ ಮೂರು ವಿಷಯ ಬಿಡಿಸಿ ಹೇಳಬೇಕು: ಯಾವ ಪರೀಕ್ಷೆ, ಎಷ್ಟು ಬಂತು, ಯಾವ ಮಾನದಲ್ಲಿ.

‘ಯಾವ ಪರೀಕ್ಷೆ’ ಎಂಬುದೂ ಸುಲಭವಿಲ್ಲ. ಒಂದು ಲ್ಯಾಬ್ ‘ಎಫ್‌ಬಿಎಸ್’ ಎನ್ನುತ್ತದೆ, ಪಕ್ಕದ ಬೀದಿಯದು ‘ಗ್ಲೂಕೋಸ್, ಫಾಸ್ಟಿಂಗ್’ ಎನ್ನುತ್ತದೆ, ಮತ್ತೊಂದು ‘ಎಫ್‌ಪಿಜಿ’ ಎಂದು ಹಾಕುತ್ತದೆ. ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿರುವ ರೀಗನ್‌ಸ್ಟ್ರೀಫ್ ಸಂಸ್ಥೆಯ ಕ್ಲೆಮ್ ಮೆಕ್‌ಡೊನಾಲ್ಡ್ ಮತ್ತು ಜೊತೆಗಾರರು ಇದಕ್ಕೊಂದು ದಾರಿ ಹುಡುಕಲು 1994ರಲ್ಲಿ ಕೆಲಸ ಶುರುಮಾಡಿದರು. ಪ್ರತಿ ಪರೀಕ್ಷೆಗೂ ಒಂದು ನಂಬರು ಕೊಡುವುದು ಅವರ ಯೋಜನೆ. ಅದರ ಹೆಸರು ಲಾಯಿಂಕ್. ಖಾಲಿ ಹೊಟ್ಟೆಯ ಶುಗರ್ ಮಿಲಿಗ್ರಾಂ ಲೆಕ್ಕದಲ್ಲಾದರೆ 1558-6, ಮಿಲಿಮೋಲ್ ಲೆಕ್ಕದಲ್ಲಾದರೆ 14771-0. ಲ್ಯಾಬ್ ಏನೇ ಹೆಸರು ಹಾಕಲಿ, ಒಳಗೆ ಈ ನಂಬರು ಕೂತಿದ್ದರೆ ಸಾಕು. ಇಂಥ ನಂಬರುಗಳು ಈಗ ಒಂದು ಲಕ್ಷದ ಆಸುಪಾಸಿನಲ್ಲಿವೆ. ಯಾವ ದೇಶದ ಲ್ಯಾಬ್ ಬೇಕಾದರೂ ಹೊಸ ಪರೀಕ್ಷೆಗೆ ನಂಬರು ಕೇಳಬಹುದು, ಬಳಸಲು ದುಡ್ಡು ಕೊಡಬೇಕಿಲ್ಲ. 2020ರಲ್ಲಿ ಕೋವಿಡ್ ಪರೀಕ್ಷೆಗಳು ಒಂದರ ಹಿಂದೊಂದು ಬಂದಾಗ ತರಾತುರಿಯಲ್ಲಿ ಹೊಸ ನಂಬರುಗಳನ್ನು ಕೊಡಬೇಕಾಯಿತು.

ಮಂಗನ ಕಾಯಿಲೆಯ ನಂಬರು

ಪರೀಕ್ಷೆಗೆ ಹೇಗೋ ಹಾಗೆ ರೋಗಕ್ಕೂ ನಂಬರು ಬೇಕು. ಊರಿನಲ್ಲಿ ಒಂದೇ ಹೊಲವನ್ನು ಒಬ್ಬರು ‘ಹುಣಸೇಮರದ ಹೊಲ’ ಎನ್ನುತ್ತಾರೆ, ಇನ್ನೊಬ್ಬರು ‘ಗೌಡರ ಹೊಲ’ ಎನ್ನುತ್ತಾರೆ. ಪಹಣಿಗೆ ಅದು ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಸರ್ವೆ ನಂಬರ್ ಮಾತ್ರ. ಮಾರಾಟ, ಸಾಲ, ಪಾಲುಪಾರಿಕತ್ತು ಎಲ್ಲ ನಡೆಯುವುದು ಆ ನಂಬರಿನ ಮೇಲೆ. ರೋಗಗಳ ಕೋಡ್ ಮಾಡುವುದೂ ಇದನ್ನೇ.

ಮಲೆನಾಡಿನಲ್ಲಿ ಮಂಗನ ಕಾಯಿಲೆ ಎನ್ನುವ ಜ್ವರ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ವೈದ್ಯಕೀಯ ಪುಸ್ತಕಗಳಲ್ಲಿ ಅದು ಕ್ಯಾಸನೂರು ಫಾರೆಸ್ಟ್ ಡಿಸೀಸ್. ಆರೋಗ್ಯ ಇಲಾಖೆಯವರ ಬಾಯಲ್ಲಿ ಕೆಎಫ್‌ಡಿ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯ 10ನೇ ಆವೃತ್ತಿಯಲ್ಲಿ ಅದರ ನಂಬರು ಎ98.2. ಅದೇ ಸಾಲಿನಲ್ಲಿ ಎರಡು ಮನೆ ಆಚೆಗೆ, ಎ98.4ರಲ್ಲಿ, ಎಬೋಲಾ ಇದೆ. ತೀರ್ಥಹಳ್ಳಿಯ ಆಸ್ಪತ್ರೆ ಏನೆಂದು ಬರೆದರೂ ಜಿನೀವಾದಲ್ಲಿರುವ ಆ ಸಂಸ್ಥೆಯ ಲೆಕ್ಕಕ್ಕೆ ಹೋಗುವುದು ಎ98.2.

ಐಸಿಡಿ ಎಂದು ಕರೆಯುವ ಈ ಪಟ್ಟಿಯ ಬೇರು 1893ರಷ್ಟು ಹಿಂದಿನದು. ಫ್ರೆಂಚ್ ಅಂಕಿಅಂಶ ತಜ್ಞ ಜಾಕ್ ಬರ್ಟಿಯೋ ಸಾವಿನ ಕಾರಣಗಳ ಪಟ್ಟಿಯೊಂದನ್ನು ಮುಂದಿಟ್ಟರು. ಯಾವ ದೇಶದಲ್ಲಿ ಜನ ಯಾವುದರಿಂದ ಸಾಯುತ್ತಿದ್ದಾರೆ ಎಂದು ಹೋಲಿಸಿ ನೋಡುವುದು ಅದರ ಗುರಿ. 1948ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದರ ಹೊಣೆ ಹೊತ್ತುಕೊಂಡಿತು. 11ನೇ ಆವೃತ್ತಿ 2022ರ ಜನವರಿ 1ರಿಂದ ಜಾರಿಯಲ್ಲಿದೆ. ಆಯುರ್ವೇದ, ಸಿದ್ಧ, ಯುನಾನಿಗಳಿಗಾಗಿ ಅದರಲ್ಲಿ ಒಂದು ಭಾಗ ಸೇರಿಸುವ ಕೆಲಸದಲ್ಲಿ ಭಾರತದ ಪಾಲು ದೊಡ್ಡದು.

ಐಸಿಡಿ ಎಣಿಕೆಗೆ ಹೊಂದುತ್ತದೆ, ಚಿಕಿತ್ಸೆಯ ವಿವರಕ್ಕೆ ಸಾಲದು. ಎಡಗಾಲಿನಲ್ಲಿ ಹುಣ್ಣು, ಅದು ಸಕ್ಕರೆ ಕಾಯಿಲೆಯಿಂದ ಬಂದದ್ದು ಎಂದೆಲ್ಲ ವೈದ್ಯರು ಬರೆಯುವಷ್ಟು ಬಿಡಿಸಿ ಹೇಳಲು ಇನ್ನೊಂದು ಕೋಶ ಬೇಕಾಯಿತು. ಅದು ಸ್ನೋಮೆಡ್ ಸಿಟಿ. ಅದರಲ್ಲಿ ಮೂರೂವರೆ ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಎರಡನೇ ಬಗೆಯ ಮಧುಮೇಹಕ್ಕೆ ಅಲ್ಲಿ 44054006. 2007ರಲ್ಲಿ ಒಂಬತ್ತು ದೇಶಗಳು ಸೇರಿ ಇದನ್ನು ನೋಡಿಕೊಳ್ಳಲು ಸಂಸ್ಥೆಯೊಂದನ್ನು ಕಟ್ಟಿದವು. ಅಮೆರಿಕ, ಬ್ರಿಟನ್ ಜೊತೆಗೆ ಪುಟ್ಟ ಲಿಥುವೇನಿಯವೂ ಅದರಲ್ಲಿತ್ತು. ಸದಸ್ಯ ದೇಶಗಳು ತಮ್ಮ ಆರ್ಥಿಕ ಶಕ್ತಿಗೆ ತಕ್ಕಂತೆ ಶುಲ್ಕ ಕಟ್ಟುತ್ತವೆ. ಭಾರತ 2014ರಿಂದ ಸದಸ್ಯ ದೇಶ. ಆದ್ದರಿಂದ ಇಲ್ಲಿನ ಆಸ್ಪತ್ರೆ, ಕಂಪನಿಗಳು ಇದನ್ನು ಪ್ರತ್ಯೇಕ ಶುಲ್ಕವಿಲ್ಲದೆ ಬಳಸಬಹುದು.

ಇಷ್ಟೊಂದು ಕೋಡ್ ಪಟ್ಟಿಗಳು ಯಾಕೆ, ಒಂದೇ ಮಾಡಬಾರದಿತ್ತೇ ಎಂದು ಯಾರಿಗೂ ಅನ್ನಿಸುತ್ತದೆ. ಅವು ಬೇರೆಬೇರೆ ಕೆಲಸಕ್ಕೆ, ಬೇರೆಬೇರೆ ಕಾಲದಲ್ಲಿ, ಬೇರೆಬೇರೆ ಜನರಿಂದ ಹುಟ್ಟಿದವು. ಒಂದರಿಂದ ಇನ್ನೊಂದಕ್ಕೆ ಹೊಂದಾಣಿಕೆ ಪಟ್ಟಿ ಮಾಡುವುದೇ ಈಗ ಈ ಕ್ಷೇತ್ರದವರ ಖಾಯಂ ಕಸುಬುಗಳಲ್ಲಿ ಒಂದು.

ಸಾಗಿಸುವ ನಿಯಮ: ಫೈರ್

ನಂಬರುಗಳು ಸಿದ್ಧವಾದವು. ಅವನ್ನು ಯಾವ ಕ್ರಮದಲ್ಲಿ ಜೋಡಿಸಿ ಕಳಿಸಬೇಕು? ರೋಗಿಯ ಹೆಸರು ಎಲ್ಲಿ, ದಿನಾಂಕ ಹೇಗೆ? 03/04 ಎಂದರೆ ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4. ಇಂಥ ನಿಯಮಗಳನ್ನು ರೂಪಿಸಲು 1987ರಲ್ಲಿ ಎಚ್‌ಎಲ್7 ಎಂಬ ಸಂಸ್ಥೆ ಹುಟ್ಟಿತು. ಅದರ ಎರಡನೇ ಆವೃತ್ತಿಯ ನಿಯಮಗಳು ಜಗತ್ತಿನ ಆಸ್ಪತ್ರೆಗಳಲ್ಲೆಲ್ಲ ಹರಡಿದವು. ಮೂರನೆಯದನ್ನು ಎಲ್ಲ ಸಂದರ್ಭಕ್ಕೂ ಸಲ್ಲುವಂತೆ ಮಾಡಲು ಹೋಗಿ, ಅದು ಎಷ್ಟು ಕ್ಲಿಷ್ಟವಾಯಿತೆಂದರೆ ಬಳಸಲು ಬಂದವರು ಬೇಸತ್ತರು.

2011ರಲ್ಲಿ ಆಸ್ಟ್ರೇಲಿಯದ ಗ್ರಹಾಮ್ ಗ್ರೀವ್ ಬೇರೆ ದಾರಿ ಸೂಚಿಸಿದರು. ವೆಬ್‌ಸೈಟ್ ಕಟ್ಟುವ ಪ್ರೋಗ್ರಾಮರ್‌ಗಳಿಗೆ ಆಗಲೇ ರೂಢಿಯಲ್ಲಿದ್ದ ವಿಧಾನವನ್ನೇ ಬಳಸೋಣ; ರೋಗಿ, ಪರೀಕ್ಷೆ, ಔಷಧಿ ಚೀಟಿ ಹೀಗೆ ಮಾಹಿತಿಯನ್ನು ಸಣ್ಣ ಸಣ್ಣ ತುಣುಕು ಮಾಡೋಣ; ಹೆಚ್ಚಿನವರಿಗೆ ಬೇಕಾದದ್ದನ್ನಷ್ಟೇ ಮೂಲದಲ್ಲಿಟ್ಟು ಉಳಿದದ್ದನ್ನು ಅವರವರಿಗೆ ಬಿಡೋಣ ಎಂಬುದು ಅವರ ವಾದ. ನೆದರ್ಲೆಂಡ್ಸ್‌ನ, ಕೆನಡಾದ ತಜ್ಞರು ಕೈಜೋಡಿಸಿದರು. ಅದರಿಂದ ಬಂದದ್ದೇ ಫೈರ್. ಇದನ್ನು ಯಾರು ಬೇಕಾದರೂ ಓದಬಹುದು, ಬಳಸಬಹುದು, ದುಡ್ಡಿಲ್ಲ. ಹರಡಲು ಅದೂ ಒಂದು ಕಾರಣ. ಆಭಾ ನಂಬರ್ ಕೊಡುವ ನಮ್ಮ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಆರೋಗ್ಯ ದಾಖಲೆಗಳ ವಿನಿಮಯಕ್ಕೆ ಆರಿಸಿಕೊಂಡಿರುವುದೂ ಇದನ್ನೇ. ಭಾರತಕ್ಕೆ ಹೊಂದುವ ಮಾರ್ಗಸೂಚಿ ಪುಣೆಯ ಸಿ-ಡ್ಯಾಕ್ ಎಂಬ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಲ್ಲಿರುವ ರಾಷ್ಟ್ರೀಯ ಕೇಂದ್ರದಲ್ಲಿ ತಯಾರಾಗುತ್ತದೆ.

ಇಂಥ ನಿಯಮಕ್ಕೆ ಮತ ಹಾಕುವ ಪದ್ಧತಿ ಗಮನಿಸುವಂಥದ್ದು. ಕರಡು ಬಂದಾಗ ಸದಸ್ಯರು ಹೌದು, ಇಲ್ಲ ಅಥವಾ ತಟಸ್ಥ ಎನ್ನಬಹುದು. ‘ಇಲ್ಲ’ ಎಂದವರು ಯಾಕೆಂದು ಬರೆದುಕೊಡಬೇಕು, ಸಮಿತಿ ಅದಕ್ಕೆ ಉತ್ತರಿಸಲೇಬೇಕು. ಇನ್ನು ಕನೆಕ್ಟಥಾನ್ ಎಂಬ ಕೂಟಗಳಿವೆ. ಮಾರುಕಟ್ಟೆಯಲ್ಲಿ ಪರಸ್ಪರ ಪೈಪೋಟಿ ನಡೆಸುವ ಕಂಪನಿಗಳ ಎಂಜಿನಿಯರುಗಳು ಒಂದೇ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತು, ‘ನಾನು ಕಳಿಸಿದ್ದು ನಿನಗೆ ಬಂತಾ, ಸರಿಯಾಗಿ ಓದಿತಾ’ ಎಂದು ನೋಡುತ್ತಾರೆ. ಕಾಗದದ ಮೇಲೆ ಚೆನ್ನಾಗಿ ಕಂಡ ಎಷ್ಟೋ ನಿಯಮಗಳು ಅಲ್ಲಿ ಮುಗ್ಗರಿಸಿ, ತಿದ್ದಿಸಿಕೊಂಡು ಮುಂದೆ ಹೋಗಿವೆ.

ಕೆನ್ಯಾದ ಎಲ್ಡೊರೆಟ್, ಛತ್ತೀಸಗಢದ ಗನಿಯಾರಿ

ಇಲ್ಲಿಯವರೆಗೆ ಹೇಳಿದ್ದು ಹೆಚ್ಚಾಗಿ ಶ್ರೀಮಂತ ದೇಶಗಳ ಕಥೆಯಂತೆ ಕಂಡಿರಬಹುದು. ಆದರೆ ಈ ಸಹಕಾರದ ಗಟ್ಟಿ ಕೆಲಸಗಳು ನಡೆದದ್ದು ಅಭಾವವಿದ್ದ ಕಡೆ.

2004ರಲ್ಲಿ ರೀಗನ್‌ಸ್ಟ್ರೀಫ್ ಸಂಸ್ಥೆಯ ಇಬ್ಬರು ವೈದ್ಯರು, ಪಾಲ್ ಬಯಾಂಡಿಚ್ ಮತ್ತು ಬರ್ಕ್ ಮ್ಯಾಮ್ಲಿನ್, ಕೆನ್ಯಾದ ಎಲ್ಡೊರೆಟ್‌ಗೆ ಹೋದರು. ಅಲ್ಲಿ ಎಚ್‌ಐವಿ ಚಿಕಿತ್ಸೆಗೆ ಬರುವವರ ಸಂಖ್ಯೆ ಏರುತ್ತಲೇ ಇತ್ತು. ಎಚ್‌ಐವಿ ಮಾತ್ರೆ ಜೀವನಪೂರ್ತಿ ನಡೆಯುವಂಥದ್ದು. ಯಾರು ಬಂದರು, ಯಾರು ತಪ್ಪಿಸಿದರು ಎಂಬ ದಾಖಲೆ ಇಲ್ಲದೆ ಚಿಕಿತ್ಸೆಯೇ ಇಲ್ಲ. ಇದ್ದ ಸಣ್ಣ ಡೇಟಾಬೇಸ್ ಆ ಭಾರ ತಡೆಯುವಂತಿರಲಿಲ್ಲ. ಹೈಟಿ, ಪೆರುಗಳಲ್ಲಿ ಇಂಥದೇ ಕೆಲಸ ಮಾಡುತ್ತಿದ್ದ ಪಾರ್ಟ್‌ನರ್ಸ್ ಇನ್ ಹೆಲ್ತ್ ಎಂಬ ಸೇವಾ ಸಂಸ್ಥೆಯ ಹ್ಯಾಮಿಶ್ ಫ್ರೇಸರ್, ದಕ್ಷಿಣ ಆಫ್ರಿಕದ ವೈದ್ಯಕೀಯ ಸಂಶೋಧನಾ ಮಂಡಳಿಯ ಕ್ರಿಸ್ ಸೀಬ್ರೆಗ್ಟ್ಸ್ ಜೊತೆಗೂಡಿದರು. ಎಲ್ಲರೂ ಬೇರೆಬೇರೆ ತಂತ್ರಾಂಶ ಬರೆಯುವ ಬದಲು ಒಂದನ್ನೇ ಬರೆದು ಹಂಚಿಕೊಳ್ಳೋಣ ಎಂದು ತೀರ್ಮಾನಿಸಿದರು. ಅದು ಓಪನ್‌ಎಂಆರ್‌ಎಸ್. 2006ರಲ್ಲಿ ಕೆನ್ಯಾದಲ್ಲೂ ರುವಾಂಡದಲ್ಲೂ ಬಳಕೆಗೆ ಬಂತು.

ಅದರ ಜಾಣತನ ಇರುವುದು ಒಳಗಿನ ಪದಕೋಶದಲ್ಲಿ. ರೋಗಿಗೆ ಕೇಳುವ ಪ್ರತಿ ಪ್ರಶ್ನೆಯೂ ಪ್ರತಿ ಉತ್ತರವೂ ಆ ಕೋಶದ ಒಂದು ನಮೂದು. ಕ್ಲಿನಿಕ್‌ನವರಿಗೆ ಹೊಸ ಪ್ರಶ್ನೆ ಬೇಕಾದರೆ ಕೋಶಕ್ಕೆ ಒಂದು ನಮೂದು ಸೇರಿಸಿದರೆ ಆಯಿತು, ಪ್ರೋಗ್ರಾಂ ತಿದ್ದಬೇಕಿಲ್ಲ. ಹಾಗಾಗಿ ಎಚ್‌ಐವಿಗೆಂದು ಹುಟ್ಟಿದ್ದು ಕ್ಷಯಕ್ಕೂ ಹೆರಿಗೆಗೂ ಆಯಿತು.

ಇದೇ ಓಪನ್‌ಎಂಆರ್‌ಎಸ್ ಮೇಲೆ ನಮ್ಮಲ್ಲಿ ಬಹ್ಮ್ನಿ ಕಟ್ಟಲಾಯಿತು. ಛತ್ತೀಸಗಢದ ಬಿಲಾಸ್‌ಪುರದ ಹತ್ತಿರ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಆಸ್ಪತ್ರೆಯಿದೆ. ದೆಹಲಿಯ ಏಮ್ಸ್‌ನಲ್ಲಿ ಕಲಿತ ವೈದ್ಯರು ಬಡವರಿಗಾಗಿ ಕಟ್ಟಿದ್ದು. ಅಲ್ಲಿಗೆ ಬೇಕಾದದ್ದು ರೋಗಿಯ ದಾಖಲೆ ಮಾತ್ರವಲ್ಲ. ಲ್ಯಾಬ್, ಬಿಲ್ಲು, ಔಷಧಿ ದಾಸ್ತಾನು ಎಲ್ಲ. ಥಾಟ್‌ವರ್ಕ್ಸ್ ಕಂಪನಿಯ ಭಾರತದ ಎಂಜಿನಿಯರುಗಳು ಓಪನ್‌ಎಂಆರ್‌ಎಸ್ ಜೊತೆಗೆ ಲ್ಯಾಬಿನ ಒಂದು, ಲೆಕ್ಕಪತ್ರದ ಇನ್ನೊಂದು ಮುಕ್ತ ತಂತ್ರಾಂಶವನ್ನು ಹೊಲಿದು ಒಂದಾಗಿಸಿದರು. ಅದು ಮುಂದೆ ನೇಪಾಳ, ಬಾಂಗ್ಲಾದೇಶಗಳಿಗೆ ಹೋಯಿತು. ಯುದ್ಧದಲ್ಲಿ ಗಾಯಗೊಂಡವರಿಗೆ ಜೋರ್ಡಾನಿನ ಅಮ್ಮಾನ್‌ನಲ್ಲಿ ಶಸ್ತ್ರಚಿಕಿತ್ಸೆ ಮಾಡುವ, ಎಂಎಸ್‌ಎಫ್ ಎಂಬ ಅಂತರರಾಷ್ಟ್ರೀಯ ವೈದ್ಯಕೀಯ ಸೇವಾ ಸಂಸ್ಥೆಯ ಆಸ್ಪತ್ರೆಗೂ ಹೋಯಿತು.

ಕೊಲಂಬೊದಿಂದ ನಾರ್ವೆಗೆ

ದಿಕ್ಕು ತಿರುಗಿದ ಉದಾಹರಣೆ ಇನ್ನೊಂದಿದೆ. ವರ್ಣಭೇದ ಕೊನೆಯಾದಾಗ ದಕ್ಷಿಣ ಆಫ್ರಿಕದಲ್ಲಿ ಜನಾಂಗ, ಪ್ರದೇಶಗಳ ಲೆಕ್ಕದಲ್ಲಿ ಒಡೆದಿಟ್ಟ 14 ಆರೋಗ್ಯ ಇಲಾಖೆಗಳಿದ್ದವು. ಒಂದೊಂದರದೂ ಒಂದೊಂದು ಲೆಕ್ಕದ ಪುಸ್ತಕ. ಇಡೀ ದೇಶದಲ್ಲಿ ಎಷ್ಟು ಮಕ್ಕಳಿಗೆ ಲಸಿಕೆಯಾಗಿದೆ ಎಂದು ಕೂಡಿಸಿ ಹೇಳುವುದೇ ಕಷ್ಟ. 1990ರ ದಶಕದಲ್ಲಿ ಅಲ್ಲಿನ ಹೋರಾಟಗಾರರೂ ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ ಸಂಶೋಧಕರೂ ಸೇರಿ ಅದಕ್ಕಾಗಿ ತಂತ್ರಾಂಶ ಕಟ್ಟಲು ತೊಡಗಿದರು. ಅದರ ಎರಡನೇ ರೂಪ ಡಿಎಚ್‌ಐಎಸ್2. ಅದು ಮೊದಲು ಬಳಕೆಗೆ ಇಳಿದದ್ದು 2006ರಲ್ಲಿ, ನಮ್ಮ ಪಕ್ಕದ ಕೇರಳದಲ್ಲಿ. ಈಗ 70ಕ್ಕೂ ಹೆಚ್ಚು ದೇಶಗಳಲ್ಲಿದೆ.

2020ರ ಜನವರಿ ಕೊನೆಗೆ ಶ್ರೀಲಂಕಾದಲ್ಲಿ ಮೊದಲ ಕೋವಿಡ್ ಪ್ರಕರಣ ಕಂಡಿತು. ಕೊಲಂಬೊ ವಿಶ್ವವಿದ್ಯಾಲಯದಲ್ಲಿ ಮಾಹಿತಿ ವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದ ಸರ್ಕಾರಿ ವೈದ್ಯರು ಅಲ್ಲಿ ಆಗಲೇ ಇದ್ದರು. ಅವರು ಡಿಎಚ್‌ಐಎಸ್2 ಬಳಸಿ, ವಿಮಾನ ನಿಲ್ದಾಣಕ್ಕೆ ಬಂದಿಳಿದವರನ್ನು ದಾಖಲಿಸಿ ನಿಗಾ ಇಡುವ ವ್ಯವಸ್ಥೆಯನ್ನು ಬೇಗಬೇಗ ಕಟ್ಟಿದರು. ಓಸ್ಲೊದ ತಂಡ ಅದನ್ನು ಬೇರೆಯವರಿಗೂ ಹೊಂದುವಂತೆ ಮಾಡಿ ಹಂಚಿತು. ಅದೇ ವರ್ಷ ನಾರ್ವೆಯ ಸ್ಥಳೀಯ ಸಂಸ್ಥೆಗಳು ತಮ್ಮ ಸಂಪರ್ಕ ಪತ್ತೆಗೆ ಡಿಎಚ್‌ಐಎಸ್2 ಬಳಸಿದವು. ಬಡ ದೇಶಗಳಿಗೆಂದು ಕಟ್ಟಿದ ಸಾಧನ ಅದನ್ನು ಕಟ್ಟಿದವರ ಮನೆಗೇ ಕೆಲಸಕ್ಕೆ ಬಂತು. ಲಸಿಕೆ ಪ್ರಮಾಣಪತ್ರದಲ್ಲೂ ಇಂಥದ್ದೇ ಆಯಿತು: ಬೆಂಗಳೂರಿನ ಇಗೌ ಫೌಂಡೇಶನ್ ಮುಂದೆ ನಿಂತು ಬೆಳೆಸಿದ ಡಿವೋಕ್ ತಂತ್ರಾಂಶವನ್ನು ಭಾರತದ ನಂತರ ಶ್ರೀಲಂಕಾ, ಫಿಲಿಪ್ಪೀನ್ಸ್ ಕೂಡ ಬಳಸಿದವು.

ಎಲ್ಲರೂ ಸಮಸಮ ಎಂದು ಇದರ ಅರ್ಥವಲ್ಲ. ನಿಯಮ ರೂಪಿಸುವ ಸಭೆಗಳಿಗೆ ವಿಮಾನದ ಖರ್ಚು, ರಜೆ, ಇಂಗ್ಲಿಷ್ ಎಲ್ಲ ಬೇಕು. ಆ ಸಮಿತಿಗಳಲ್ಲಿ ಬಹಳಷ್ಟು ಜನ ಸ್ವಯಂಸೇವಕರು. ಅವರ ಸಂಬಳ ಯಾವುದೋ ಕಂಪನಿ ಇಲ್ಲವೇ ವಿಶ್ವವಿದ್ಯಾಲಯದಿಂದ ಬರುತ್ತಿರುತ್ತದೆ. ಜಿಲ್ಲಾ ಆಸ್ಪತ್ರೆಯ ಲ್ಯಾಬ್ ಟೆಕ್ನಿಷಿಯನ್ ಅಲ್ಲಿ ಕೂರುವುದು ಅಪರೂಪ. ಮೆಡಿನ್ಫೋ ಸಮ್ಮೇಳನ ಆಫ್ರಿಕ ಖಂಡಕ್ಕೆ ಬಂದದ್ದೂ 2010ರಲ್ಲಿ, ಕೇಪ್‌ಟೌನಿಗೆ.

ಹಾಗಾದರೆ ನನ್ನ ದಾಖಲೆ ವಿದೇಶಕ್ಕೆ ಹೋಗುತ್ತದೆಯೇ?

ಇಲ್ಲ. ಈ ಸಹಕಾರದಲ್ಲಿ ದೇಶಗಳು ಹಂಚಿಕೊಳ್ಳುವುದು ನಿಯಮ, ಕೋಡ್, ತಂತ್ರಾಂಶಗಳನ್ನು, ರೋಗಿಗಳ ದಾಖಲೆಗಳನ್ನಲ್ಲ. ಆಭಾ 14 ಅಂಕಿಯ ಒಂದು ಗುರುತು ಅಷ್ಟೇ. ದಾಖಲೆ ಇರುವುದು ನೀವು ಚಿಕಿತ್ಸೆ ಪಡೆದ ಆಸ್ಪತ್ರೆ, ಲ್ಯಾಬುಗಳಲ್ಲೇ. ಇನ್ನೊಬ್ಬ ವೈದ್ಯರಿಗೆ ತೋರಿಸಬೇಕಾದರೆ ನಿಮ್ಮ ಮೊಬೈಲಿಗೆ ಒಪ್ಪಿಗೆ ಕೇಳಿ ಬರಬೇಕು ಎಂಬುದು ಅದರ ವಿನ್ಯಾಸ.

ಗಡಿ ದಾಟುವಾಗ ರೋಗಿಯೇ ಜೊತೆಗೆ ಒಯ್ಯಬಹುದಾದ ಕಿರು ದಾಖಲೆಗೆ ಇಂಟರ್‌ನ್ಯಾಷನಲ್ ಪೇಷಂಟ್ ಸಮ್ಮರಿ ಎಂಬ ಮಾನದಂಡವಿದೆ. ಅದಕ್ಕೆ 2021ರಲ್ಲಿ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಮಾನದಂಡ ಸಂಸ್ಥೆಯ ಮುದ್ರೆ ಬಿತ್ತು. ಇರುವ ಕಾಯಿಲೆಗಳು, ತೆಗೆದುಕೊಳ್ಳುತ್ತಿರುವ ಔಷಧಿಗಳು, ಅಲರ್ಜಿಗಳು, ಈ ಮೂರು ಅದರಲ್ಲಿ ಇರಲೇಬೇಕು. ಅಲರ್ಜಿಯ ಜಾಗ ಖಾಲಿ ಬಿಡುವಂತಿಲ್ಲ. ಖಾಲಿ ಎಂದರೆ ಅಲರ್ಜಿ ಇಲ್ಲವೋ, ಕೇಳಿಲ್ಲವೋ, ಬರೆಯಲು ಮರೆತರೋ ತಿಳಿಯುವುದಿಲ್ಲ. ಅದಕ್ಕೇ ‘ಗೊತ್ತಿರುವ ಅಲರ್ಜಿ ಇಲ್ಲ’ ಮತ್ತು ‘ಮಾಹಿತಿ ಇಲ್ಲ’ ಎಂಬುದಕ್ಕೆ ಬೇರೆಬೇರೆ ಕೋಡ್ ಇಟ್ಟಿದ್ದಾರೆ. 2024ರ ಹಜ್ ಯಾತ್ರೆಗೆ ಇಂಡೋನೇಷ್ಯ, ಮಲೇಷ್ಯ, ಒಮಾನ್‌ನಿಂದ ಹೋದ ಯಾತ್ರಿಕರಿಗೆ ಇದೇ ಬಗೆಯ ಆರೋಗ್ಯ ಕಾರ್ಡ್ ಕೊಟ್ಟು, ಸೌದಿಯ ವೈದ್ಯರು ಓದುವಂತೆ ಮಾಡಲಾಯಿತು.

ನಮ್ಮಲ್ಲಿ ಕೆಲಸ ಇನ್ನೂ ಬಾಕಿ ಇರುವುದು ಬೇರೆ ಕಡೆ. ಡಿಜಿಟಲ್ ಮಿಷನ್ನಿನ ನಿಯಮದಲ್ಲಿ ಸ್ಕ್ಯಾನ್ ಮಾಡಿದ ಕಾಗದವನ್ನೂ ದಾಖಲೆಯಾಗಿ ಸೇರಿಸಲು ಅವಕಾಶವಿದೆ. ಕಾಗದದ್ದೇ ರೂಢಿಯಿರುವ ದೇಶದಲ್ಲಿ ಅದು ಬೇಕು ಕೂಡ. ಆದರೆ ಹಾಗೆ ಬಂದ 126 ಬರೀ ಚಿತ್ರ. ಅದರ ಹಿಂದೆ 1558-6 ಇರುವುದಿಲ್ಲ, ಕಂಪ್ಯೂಟರ್ ಅದನ್ನು ಹೋದ ವರ್ಷದ ರಿಪೋರ್ಟಿನ ಜೊತೆ ಹೋಲಿಸಿ ನೋಡಲಾರದು.

ಅಲ್ಲಿಯವರೆಗೆ ಪ್ರಯಾಣಕ್ಕೆ ಹೊರಟವರು ಈ ತಜ್ಞರ ಪಾಠವನ್ನು ಕಾಗದದ ಮೇಲೆಯೇ ಪಾಲಿಸಬಹುದು. ಔಷಧಿಯ ಬ್ರ್ಯಾಂಡ್ ಹೆಸರಿನ ಜೊತೆಗೆ ಒಳಗಿನ ರಾಸಾಯನಿಕದ ಹೆಸರು ಬರೆಸಿಕೊಳ್ಳಿ: ಡೋಲೊ 650 ಎಂದರೆ ಲಂಡನ್ನಿನ ಫಾರ್ಮಸಿಗೆ ಗೊತ್ತಾಗದಿರಬಹುದು, ಪ್ಯಾರಸಿಟಮಾಲ್ ಗೊತ್ತಾಗುತ್ತದೆ, ಅಮೆರಿಕದಲ್ಲಾದರೆ ಅದನ್ನೇ ಅಸಿಟಮಿನೊಫೆನ್ ಎನ್ನುತ್ತಾರೆ. ರಿಪೋರ್ಟಿನ ಅಂಕಿಗಳನ್ನು ಬೇರೆ ಹಾಳೆಗೆ ಇಳಿಸಿಕೊಳ್ಳುವಾಗ ಮಾನವನ್ನೂ ಬರೆಯಿರಿ, ದಿನಾಂಕದಲ್ಲಿ ತಿಂಗಳಿನ ಹೆಸರನ್ನು ಅಕ್ಷರದಲ್ಲಿ ಹಾಕಿ. ಅಲರ್ಜಿ ಇಲ್ಲದಿದ್ದರೆ ಇಲ್ಲ ಎಂದೇ ಬರೆಸಿ.